ಸದ್ದು ಮಾಡೋ ಎಂಜಿನ್ ಬೇಕಾ, ಓಡೋ ಎಂಜಿನ್ ಬೇಕಾ?

ಬ್ರೇಕ್ ಒತ್ತಿದ. ಕಾರು ನಿಂತಿತು. ಎರಡು ಮಾರು ಮುಂದೆ ಹೋಗಿ ಮತ್ತೆ ಒತ್ತಿದ. ನಿಂತಿತು. ಮೂರನೇ ಸಲ ಒತ್ತಿದಾಗ ಪೆಡಲ್ಲು ಕಲ್ಲಾಗಿತ್ತು. ಎದುರಿಗಿದ್ದ ಕಾರಿನ ಹಿಂಬದಿಗೂ ನಮಗೂ ಒಂದು ಗೇಣು ಅಂತರ. ಎರಡೂ ಕಾಲಲ್ಲಿ ತುಳಿದು ಹೇಗೋ ನಿಲ್ಲಿಸಿದ. ಪಕ್ಕದ ಸೀಟಿನಲ್ಲಿ ಕೂತಿದ್ದವನು ನಾನು.

ಇದು ನಡೆದದ್ದು ಅಮೆರಿಕದ ಮಿಷಿಗನ್‌ನಲ್ಲಿ. ಡೆಟ್ರಾಯಿಟ್ ಹತ್ತಿರ ವುಡ್‌ವರ್ಡ್ ಅವೆನ್ಯೂ ಅಂತ ಒಂದು ರಸ್ತೆ ಇದೆ. 1995ರಿಂದ ಹೆಚ್ಚುಕಡಿಮೆ ಪ್ರತಿ ವರ್ಷ ಆಗಸ್ಟ್‌ನಲ್ಲಿ ಅಲ್ಲಿ ಹಳೇ ಕಾರುಗಳ ಜಾತ್ರೆ ನಡೆಯುತ್ತೆ. ಜಾತ್ರೆ ಅಂದ್ರೆ ಜಾತ್ರೆನೇ. ತೇರಿನ ಬದಲು ಕಾರು. ಕಿಲೋಮೀಟರ್‌ಗಟ್ಟಲೆ ಆಮೆ ನಡಿಗೆ. ನನ್ನ ಸ್ನೇಹಿತ ಮಂಡ್ಯದವನು, ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದಾನೆ. ಎಪ್ಪತ್ತರ ದಶಕದ ಕೊನೆಯ ಒಂದು ಷೆವರ್ಲೆ ಕಮಾರೊ ಇಟ್ಟುಕೊಂಡಿದ್ದಾನೆ. ಆ ವರ್ಷ ಅದರ ಎಂಜಿನ್‌ಗೆ ಹೊಸ ಸಿಲಿಂಡರ್ ಹೆಡ್ಡು, ಹೊಸ ಕ್ಯಾಮ್‌ಶಾಫ್ಟು ಹಾಕಿಸಿದ್ದ. ಸ್ಟಾರ್ಟ್ ಮಾಡಿದ ಕೂಡಲೇ ಇಡೀ ಕಾರು ಗಡಗಡ ನಡುಗಿತು. "ಹೆಂಗೈತ್ಲಾ ಸೌಂಡು?" ಅಂದ. ಸೌಂಡು ಚೆನ್ನಾಗೇ ಇತ್ತು. ಬ್ರೇಕ್ ಮಾತ್ರ ಇರಲಿಲ್ಲ.

ಬ್ರೇಕ್‌ಗೂ ಕ್ಯಾಮ್‌ಶಾಫ್ಟ್‌ಗೂ ಏನ್ರೀ ಸಂಬಂಧ? ನಾನೂ ಹಾಗೇ ಕೇಳಿದ್ದೆ. ಸಂಬಂಧ ಇದೆ. ಅದು ಅರ್ಥವಾದ್ರೆ ಜೋರು ಎಂಜಿನ್ ಕಟ್ಟೋದರ ಅರ್ಧ ಶಾಸ್ತ್ರ ಅರ್ಥವಾದ ಹಾಗೆ.

ಮೊದಲು ಆ ಎಂಜಿನ್ ಯಾವುದು ಅಂತ ನೋಡೋಣ. ಷೆವರ್ಲೆ ಕಂಪನಿ 1955ರಲ್ಲಿ ಒಂದು ಪುಟ್ಟ ವಿ-8 ಎಂಜಿನ್ ತಂತು. ಎಲ್ಲರೂ ಅದನ್ನ ಸ್ಮಾಲ್ ಬ್ಲಾಕ್ ಅಂತಾರೆ. 265 ಘನ ಇಂಚಿನಿಂದ ಶುರುವಾಗಿ, 1967ರಲ್ಲಿ 350 ಘನ ಇಂಚಿನದು ಬಂತು. ನಮ್ಮ ಲೆಕ್ಕದಲ್ಲಿ 5.7 ಲೀಟರ್. 1970ರಲ್ಲಿ ಕಾರ್ವೆಟ್ ಕಾರಿನಲ್ಲಿ ಇದೇ 350 ಎಂಜಿನ್‌ನ ಒಂದು ಮಾದರಿಗೆ 370 ಹಾರ್ಸ್‌ಪವರ್ ಅಂತ ಹೇಳಿದ್ರು. ಐದೇ ವರ್ಷ. 1975ರ ಸಾಮಾನ್ಯ ಕಾರ್ವೆಟ್‌ನ 350ಕ್ಕೆ ಬರೀ 165! 1972ರಿಂದ ಶಕ್ತಿ ಅಳೆಯೋ ರೀತಿನೇ ಬದಲಾಯ್ತು, ಅದು ಒಂದು ಕಾರಣ. ಹೊಗೆ ಕಡಿಮೆ ಮಾಡೋ ಕಾನೂನು ಬಂತು, ಸೀಸವಿಲ್ಲದ ಪೆಟ್ರೋಲ್ ಬಂತು, ಕಂಪ್ರೆಷನ್ ಇಳಿಸಿದ್ರು, ಕ್ಯಾಮ್ ಸಪ್ಪೆ ಮಾಡಿದ್ರು. ಅದು ಇನ್ನೊಂದು ಕಾರಣ. ನನ್ನ ಸ್ನೇಹಿತನ ಕಾರು ಈ ಸಪ್ಪೆ ಕಾಲದ್ದು. ಅದಕ್ಕೆ ಉಪ್ಪು ಖಾರ ಹಾಕೋಕೆ ಹೋಗಿದ್ದ.

ಎಂಜಿನ್ ಅಂದ್ರೆ ಏನು? ಗಾಳಿ ಒಳಗೆ ತಗೊಂಡು ಹೊಗೆ ಹೊರಗೆ ಬಿಡೋ ಪಂಪು, ಅಷ್ಟೇ. ಹೆಚ್ಚು ಗಾಳಿ ಬಂದ್ರೆ ಹೆಚ್ಚು ಪೆಟ್ರೋಲ್ ಉರಿಸಬಹುದು, ಹೆಚ್ಚು ಶಕ್ತಿ ಸಿಗುತ್ತೆ. ಆ ಗಾಳಿಗೆ ದಾರಿ ಮಾಡಿಕೊಡೋದು ಸಿಲಿಂಡರ್ ಹೆಡ್. ಆ ದಾರಿಯ ಬಾಗಿಲು ವಾಲ್ವ್. ಬಾಗಿಲು ಯಾವಾಗ ತೆಗೀಬೇಕು, ಎಷ್ಟು ತೆಗೀಬೇಕು, ಎಷ್ಟು ಹೊತ್ತು ತೆಗೆದಿರಬೇಕು ಅಂತ ಹೇಳೋದು ಕ್ಯಾಮ್‌ಶಾಫ್ಟ್. ಕ್ರ್ಯಾಂಕ್ ಎರಡು ಸುತ್ತು ಸುತ್ತಿದ್ರೆ ಕ್ಯಾಮ್ ಒಂದು ಸುತ್ತು. ನಿಮಿಷಕ್ಕೆ 6,000 ಸುತ್ತಿನಲ್ಲಿ ಒಂದೊಂದು ಬಾಗಿಲೂ ಸೆಕೆಂಡಿಗೆ 50 ಸಲ ತೆಗೆದು ಮುಚ್ಚಬೇಕು. ಕಣ್ಣು ಮಿಟುಕಿಸೋದರಲ್ಲಿ ಎಷ್ಟು ಸಲ ಆಗಿಹೋಯ್ತು ನೋಡಿ!

ಮದುವೆ ಛತ್ರದ ಊಟದ ಹಾಲ್ ನೆನಪು ಮಾಡ್ಕೊಳ್ಳಿ. ಮೊದಲ ಪಂಕ್ತಿ ಎದ್ದು ಕೈ ತೊಳೆಯೋಕೆ ಹೊರಟಿದೆ. ಎರಡನೇ ಪಂಕ್ತಿಯವರು ಆಗಲೇ ಕುರ್ಚಿ ಹಿಂದೆ ನಿಂತಿದ್ದಾರೆ. ಹೊರಗೆ ಹೋಗೋ ಬಾಗಿಲೂ ತೆಗೆದಿದೆ, ಒಳಗೆ ಬರೋ ಬಾಗಿಲೂ ತೆಗೆದಿದೆ. ಎಂಜಿನ್ ಭಾಷೆಯಲ್ಲಿ ಇದಕ್ಕೆ ಓವರ್‌ಲ್ಯಾಪ್ ಅಂತಾರೆ. ಸಾವಿರಾರು ಜನ ಬಂದಿರೋ ಮದುವೆಯಲ್ಲಿ ಇದು ಬೇಕು. ಹೊರಗೆ ಹೋಗೋರ ರಭಸವೇ ಒಳಗೆ ಬರೋರಿಗೆ ಜಾಗ ಮಾಡಿಕೊಡುತ್ತೆ. ಆದ್ರೆ ಐವತ್ತೇ ಜನ ಇರೋ ನಾಮಕರಣದಲ್ಲಿ ಎರಡೂ ಬಾಗಿಲು ತೆಗೆದಿಟ್ರೆ? ಯಾರು ಬಂದ್ರು, ಯಾರು ಹೋದ್ರು ಗೊತ್ತಾಗಲ್ಲ. ಉಂಡವರು ಮತ್ತೆ ಒಳಗೆ ಬರ್ತಾರೆ. ದೊಡ್ಡ ಕ್ಯಾಮ್ ಹಾಕಿದ ಎಂಜಿನ್ ಐಡಲ್‌ನಲ್ಲಿ ನಡುಗೋದು ಇದಕ್ಕೇ. ಸುಟ್ಟ ಹೊಗೆ ಹೊಸ ಗಾಳಿ ಜೊತೆ ಬೆರೆತು ಉರಿ ಸರಿಯಾಗಿ ಹತ್ತಲ್ಲ. ನಾವು ಅದನ್ನ "ಏನ್ ಸೌಂಡು ಗುರು" ಅಂತ ಮೆಚ್ಚಿಕೊಳ್ತೀವಿ!

ಈಗ ಬ್ರೇಕ್ ವಿಷಯಕ್ಕೆ ಬರೋಣ. ಪವರ್ ಬ್ರೇಕ್‌ಗೆ ಬಲ ಬರೋದು ಎಂಜಿನ್ ಗಾಳಿ ಹೀರುವಾಗ ಆಗೋ ನಿರ್ವಾತದಿಂದ. ಮಾಮೂಲಿ ಎಂಜಿನ್ ಐಡಲ್‌ನಲ್ಲಿ ಪಾದರಸದ 17, 18 ಇಂಚು ತೋರಿಸುತ್ತೆ. ಸ್ನೇಹಿತನ ಎಂಜಿನ್‌ಗೆ ಆಮೇಲೆ ಮೀಟರ್ ಇಟ್ಟು ನೋಡಿದ್ರೆ 8 ಇಂಚು. ಓವರ್‌ಲ್ಯಾಪ್ ಅದನ್ನ ತಿಂದು ಹಾಕಿತ್ತು. ಬೂಸ್ಟರ್‌ನಲ್ಲಿ ಇದ್ದ ಅಲ್ಪಸ್ವಲ್ಪ ನಿರ್ವಾತ ಎರಡು ಸಲ ಬ್ರೇಕ್ ಒತ್ತೋದ್ರಲ್ಲಿ ಖರ್ಚಾಯ್ತು. ಮೂರನೇ ಸಲಕ್ಕೆ ಉಳಿದದ್ದು ಅವನ ಕಾಲಿನ ಬಲ ಮಾತ್ರ. ಹೆದ್ದಾರಿಯಲ್ಲಿ ಇದು ಗೊತ್ತೇ ಆಗಿರಲಿಲ್ಲ. ಜಾತ್ರೆ ರಸ್ತೆಯಲ್ಲಿ ಗೊತ್ತಾಯ್ತು.

ಮಾರನೇ ದಿನ ಇಬ್ಬರೂ ಒಬ್ಬ ಹಳೇ ಎಂಜಿನ್ ಮೆಕ್ಯಾನಿಕ್ ಹತ್ರ ಹೋದ್ವಿ. ಎಪ್ಪತ್ತು ದಾಟಿದ ಮನುಷ್ಯ. ಬಾನೆಟ್ ಎತ್ತೋಕೂ ಮುಂಚೆ ಆತ ಕೇಳಿದ್ದು ನಾಲ್ಕು ಪ್ರಶ್ನೆ. ಕಾರು ಎಷ್ಟು ಭಾರ? ಹಿಂದಿನ ಆಕ್ಸಲ್ ಗೇರ್ ರೇಷಿಯೋ ಎಷ್ಟು? ಗೇರ್‌ಬಾಕ್ಸ್ ಆಟೋಮ್ಯಾಟಿಕ್ಕಾ? ದಿನದಲ್ಲಿ ಹೆಚ್ಚು ಹೊತ್ತು ಎಂಜಿನ್ ಎಷ್ಟು ಆರ್‌ಪಿಎಂನಲ್ಲಿ ಓಡುತ್ತೆ? ನಾಲ್ಕನೇ ಪ್ರಶ್ನೆಗೆ ನನ್ನ ಸ್ನೇಹಿತ ತಲೆ ತಗ್ಗಿಸಿದ. ಎರಡು ಸಾವಿರ, ಎರಡೂವರೆ ಸಾವಿರ. ಹಾಕಿಸಿದ್ದ ಕ್ಯಾಮ್ ಉಸಿರು ಬಿಡೋಕೆ ಶುರು ಮಾಡೋದೇ ಮೂರೂವರೆ ಸಾವಿರದ ಮೇಲೆ!

ಅಲ್ಲಿ ಕೂತು ನಾನು ಬರೆದುಕೊಂಡದ್ದನ್ನ ನಿಮ್ಮ ಮುಂದೆ ಇಡ್ತೀನಿ.

ಒಂದು, ಹೆಡ್ಡು. ಸ್ನೇಹಿತ ತಂದಿದ್ದು 220 ಸಿಸಿ ಪೋರ್ಟ್ ಇರೋ ಹೆಡ್ಡು. ಪೋರ್ಟ್ ಅಂದ್ರೆ ಗಾಳಿ ಬರೋ ನಾಲೆ. ಮಂಡ್ಯದವನಿಗೆ ನಾಲೆ ವಿಷಯ ಹೇಳಿಕೊಡಬೇಕಾ? ಅಷ್ಟೇ ನೀರನ್ನ ಅಗಲ ನಾಲೆಗೆ ಬಿಟ್ರೆ ನಿಧಾನ ಹರಿಯುತ್ತೆ, ಕಿರಿದು ಮಾಡಿದ್ರೆ ನುಗ್ಗುತ್ತೆ. ಕಡಿಮೆ ಆರ್‌ಪಿಎಂನಲ್ಲಿ ಎಂಜಿನ್ ಎಳೆಯೋ ಗಾಳಿಯೇ ಕಡಿಮೆ. ಆಗ ಪೋರ್ಟ್ ದೊಡ್ಡದಿದ್ರೆ ವೇಗ ಸಾಯುತ್ತೆ, ಪೆಟ್ರೋಲ್ ಹನಿ ಗಾಳಿಯಲ್ಲಿ ಸರಿಯಾಗಿ ಬೆರೆಯಲ್ಲ, ಸಿಗ್ನಲ್ ಬಿಟ್ಟಾಗ ಕಾರು ಎಳೆಯಲ್ಲ. ರಸ್ತೆಯ 350 ಎಂಜಿನ್‌ಗೆ 170ರಿಂದ 195 ಸಿಸಿ ಪೋರ್ಟ್ ಸಾಕು. 220 ಸಿಸಿ ಬೇಕಾಗೋದು ಇನ್ನೂ ದೊಡ್ಡ ಎಂಜಿನ್‌ಗೆ, ಇಲ್ಲಾ ಟ್ರ್ಯಾಕ್‌ನಲ್ಲಿ ಸದಾ ಕಿರುಚೋ ಎಂಜಿನ್‌ಗೆ.

ಕ್ಯಾಟಲಾಗ್‌ನಲ್ಲಿ ಗಾಳಿಯ ಹರಿವಿನ ಅಂಕಿ ದೊಡ್ಡದಾಗಿ ಅಚ್ಚು ಹಾಕಿರ್ತಾರೆ. ಅದು ವಾಲ್ವ್ 0.600 ಇಂಚು ಎದ್ದಾಗಿನ ಅಂಕಿ. ನಿಮ್ಮ ಕ್ಯಾಮ್ ವಾಲ್ವ್ ಎತ್ತೋದೇ 0.460 ಇಂಚು ಆದ್ರೆ ಆ ಅಂಕಿ ನಿಮಗೆ ಯಾಕೆ? ವಾಲ್ವ್ ತುದಿ ಮುಟ್ಟೋದು ಒಂದೇ ಸಲ. ಅರ್ಧ ದಾರಿಯನ್ನ ಹೋಗ್ತಾ ಒಂದು ಸಲ, ಬರ್ತಾ ಒಂದು ಸಲ ದಾಟುತ್ತೆ. ಆದ್ದರಿಂದ ಮಧ್ಯದ ಅಂಕಿ ನೋಡಿ ಹೆಡ್ ಕೊಳ್ಳಬೇಕು.

ಎರಡು, ಕಂಪ್ರೆಷನ್. ಇದನ್ನ ಯಾರೂ ಲೆಕ್ಕ ಹಾಕಲ್ಲ. ಇನ್‌ಟೇಕ್ ವಾಲ್ವ್ ಮುಚ್ಚೋದು ಪಿಸ್ಟನ್ ತಳ ಮುಟ್ಟಿ ಮೇಲಕ್ಕೆ ಹೊರಟ ಮೇಲೆ. ದೊಡ್ಡ ಕ್ಯಾಮ್‌ನಲ್ಲಿ ಇನ್ನೂ ತಡ. ಕಡಿಮೆ ವೇಗದಲ್ಲಿ ಒಳಗೆ ಬಂದ ಗಾಳಿಯನ್ನ ಪಿಸ್ಟನ್ನೇ ವಾಪಸ್ ತಳ್ಳುತ್ತೆ. ಅದಕ್ಕೇ ದೊಡ್ಡ ಕ್ಯಾಮ್‌ಗೆ ಹೆಚ್ಚು ಕಂಪ್ರೆಷನ್ ಬೇಕು. ಸ್ನೇಹಿತನ ಎಂಜಿನ್‌ನದು ಎಂಟೂವರೆ. ಹಳೇ ಹೆಡ್ಡಿನ ಉರಿಕೋಣೆ 76 ಸಿಸಿ, ಕೊಂಡ ದೊಡ್ಡ ಹೆಡ್ಡಿನದೂ 76ನೇ. ಅದೇ ಜಾಗಕ್ಕೆ 64 ಸಿಸಿ ಕೋಣೆಯ ಹೆಡ್ ಬಂದ್ರೆ? ಲೆಕ್ಕ ಮಾಡಿ. 350 ಎಂಜಿನ್‌ನ ಒಂದು ಸಿಲಿಂಡರ್ 717 ಸಿಸಿ. ಎಂಟೂವರೆ ಕಂಪ್ರೆಷನ್ ಅಂದ್ರೆ ಪಿಸ್ಟನ್ ಮೇಲೆ ಬಂದಾಗ ಉಳಿಯೋ ಜಾಗ ಸುಮಾರು 96 ಸಿಸಿ. ಅದರಲ್ಲಿ 12 ಕಳೆದ್ರೆ 84. ಕಂಪ್ರೆಷನ್ ಒಂಬತ್ತೂವರೆ! ಪಿಸ್ಟನ್ ಮುಟ್ಟದೆ, ಬ್ಲಾಕ್ ಬಿಚ್ಚದೆ ಒಂದು ಪೂರ್ತಿ ಅಂಕ ಸಿಕ್ತು.

ಮೂರು, ಕ್ಯಾಮ್. ವಾಲ್ವ್ ಎಷ್ಟು ಡಿಗ್ರಿ ತೆಗೆದಿರುತ್ತೆ ಅನ್ನೋದು ಡ್ಯುರೇಷನ್. ಪೆಟ್ಟಿಗೆ ಮೇಲೆ 280, 290 ಅಂತ ಬರೆದಿರ್ತಾರೆ. ಒಂದೊಂದು ಕಂಪನಿ ಒಂದೊಂದು ರೀತಿ ಅಳೆಯುತ್ತೆ. ಹೋಲಿಸಬೇಕಾದ್ರೆ ಲಿಫ್ಟರ್ 0.050 ಇಂಚು ಎದ್ದಲ್ಲಿಂದ ಅಳೆದ ಅಂಕಿ ನೋಡಿ. ಸ್ನೇಹಿತನದು ಆ ಲೆಕ್ಕದಲ್ಲಿ 245 ಡಿಗ್ರಿ. ರಸ್ತೆಗೆ, ಪವರ್ ಬ್ರೇಕ್ ಇರೋ 350ಕ್ಕೆ 215ರಿಂದ 225 ಸಾಕು. ಇನ್ನೊಂದು ಅಂಕಿ ಇದೆ, ಲೋಬ್ ಸೆಪರೇಷನ್. ಇನ್‌ಟೇಕ್ ಲೋಬ್‌ಗೂ ಎಕ್ಸಾಸ್ಟ್ ಲೋಬ್‌ಗೂ ನಡುವಿನ ಕೋನ. ಅದು ಚಿಕ್ಕದಾದಷ್ಟೂ ಓವರ್‌ಲ್ಯಾಪ್ ಜಾಸ್ತಿ, ಸೌಂಡು ಜಾಸ್ತಿ, ನಿರ್ವಾತ ಕಡಿಮೆ. ಇವನದು 106. ಮೆಕ್ಯಾನಿಕ್ ಹೇಳಿದ್ದು 112.

ನಾಲ್ಕು, ಜೊತೆಗಾರರು. ಕ್ಯಾಮ್ ಒಂಟಿಯಾಗಿ ಬರಲ್ಲ, ಸಂಸಾರ ಸಮೇತ ಬರುತ್ತೆ. ವಾಲ್ವ್ ಸ್ಪ್ರಿಂಗ್ ಅದಕ್ಕೆ ಹೊಂದಬೇಕು. ಪಿಸ್ಟನ್ನಿಗೂ ವಾಲ್ವ್‌ಗೂ ನಡುವೆ ಇನ್‌ಟೇಕ್ ಕಡೆ 0.080, ಎಕ್ಸಾಸ್ಟ್ ಕಡೆ 0.100 ಇಂಚು ಜಾಗ ಇರಲೇಬೇಕು. ಅಳೀದೆ ಜೋಡಿಸಿದ್ರೆ ಎರಡೂ ಮುತ್ತಿಕ್ಕಿಕೊಳ್ತವೆ, ನಿಮ್ಮ ಜೇಬು ಅಳುತ್ತೆ. 1996ರಿಂದ ಷೆವರ್ಲೆ ಪಿಕಪ್‌ಗಳಲ್ಲಿ ಬಂದ ವೋರ್ಟೆಕ್ ಹೆಡ್ಡು ಅಗ್ಗ, ಒಳ್ಳೇದು, ಕೋಣೆಯೂ 64 ಸಿಸಿ. ಆದ್ರೆ ಹಳೇ ಇನ್‌ಟೇಕ್ ಮ್ಯಾನಿಫೋಲ್ಡ್ ಅದಕ್ಕೆ ಕೂರಲ್ಲ. ಹಳೇದಕ್ಕೆ 12 ಬೋಲ್ಟು, ಇದಕ್ಕೆ 8. ಲಿಫ್ಟ್ ಕೂಡ 0.460 ಇಂಚಿನ ಸುಮಾರಿಗೆ ನಿಲ್ಲಿಸಬೇಕು, ಇಲ್ಲಾ ಮೆಷಿನ್ ಕೆಲಸ ಮಾಡಿಸಬೇಕು. ಅಗ್ಗದ ಹಸು ಕೊಂಡು ಕೊಟ್ಟಿಗೆ ಕಟ್ಟಿಸೋ ಖರ್ಚು ಮರೀಬಾರದು.

ಐದು, ಮೊದಲ ಇಪ್ಪತ್ತು ನಿಮಿಷ. ಚಪ್ಪಟೆ ತಳದ ಲಿಫ್ಟರ್ ಇರೋ ಹೊಸ ಕ್ಯಾಮ್ ಹಾಕಿದ್ರೆ ಸ್ಟಾರ್ಟ್ ಆದ ಕೂಡಲೇ 2,000ದಿಂದ 2,500 ಆರ್‌ಪಿಎಂನಲ್ಲಿ ಇಪ್ಪತ್ತು ನಿಮಿಷ ಓಡಿಸಬೇಕು. ಐಡಲ್‌ನಲ್ಲಿ ಬಿಡಬಾರದು. ಕ್ಯಾಮ್‌ಗೆ ಎಣ್ಣೆ ಸಿಗೋದು ಕ್ರ್ಯಾಂಕ್ ಎರಚೋದರಿಂದ. ನಿಧಾನ ಓಡಿದ್ರೆ ಎರಚಲ್ಲ, ಲೋಬ್ ಸವೆದು ಹೋಗುತ್ತೆ. ಇವತ್ತಿನ ಕಾರುಗಳ ಎಣ್ಣೆಯಲ್ಲಿ ಸತು, ರಂಜಕ ಕಡಿಮೆ. ಇದಕ್ಕೆ ಅಂತಲೇ ಇರೋ ಎಣ್ಣೆ ಹಾಕಬೇಕು. ಹಳೇ ಲಿಫ್ಟರ್ ಹೊಸ ಕ್ಯಾಮ್‌ಗೆ ಹಾಕಲೇಬಾರದು. ಅವು ಸವೆದು ಸವೆದು ತಮ್ಮ ತಮ್ಮ ಲೋಬ್‌ಗೆ ಹೊಂದಿಕೊಂಡ ಹಳೇ ದಂಪತಿ.

ನನ್ನ ಸ್ನೇಹಿತ ಹೊಟ್ಟೆ ಉರ್ಕೊಂಡು ದೊಡ್ಡ ಹೆಡ್ಡು ಮಾರಿದ. 180 ಸಿಸಿ ಪೋರ್ಟ್, 64 ಸಿಸಿ ಕೋಣೆಯ ಅಲ್ಯೂಮಿನಿಯಂ ಹೆಡ್ ತಂದ. ಕ್ಯಾಮ್ 218 ಡಿಗ್ರಿಯದು. ಹಿಂದಿನ ಗೇರ್ 2.73 ಇದ್ದದ್ದನ್ನ 3.42 ಮಾಡಿಸಿದ. ಇಂಥ ಜೋಡಿ 300 ಹಾರ್ಸ್‌ಪವರ್‌ಗಿಂತ ಹೆಚ್ಚು ಆರಾಮಾಗಿ ಕೊಡುತ್ತೆ. ಈಗ ಐಡಲ್‌ನಲ್ಲಿ 15 ಇಂಚು ನಿರ್ವಾತ. ಸೌಂಡು ಮೊದಲಿನಷ್ಟಿಲ್ಲ. ಬ್ರೇಕ್ ಇದೆ.

ಇದನ್ನೆಲ್ಲ ಇಲ್ಲಿ ಯಾಕೆ ಹೇಳ್ತಿದ್ದೀನಿ? ರಾತ್ರಿ ಹನ್ನೊಂದಕ್ಕೆ ಬುಲೆಟಿನ್ ಮುಗಿಸಿ ಮನೆಗೆ ಹೋಗುವಾಗ ಬೆಂಗಳೂರಿನ ರಸ್ತೆಯಲ್ಲಿ ನಾನೂ ಕೇಳ್ತೀನಿ, ಎಂಜಿನ್ ಬಿಚ್ಚಿ ಸೌಂಡು ಜಾಸ್ತಿ ಮಾಡಿಸಿಕೊಂಡ ಹುಡುಗರನ್ನ. ಅವರಿಗೆ ಎರಡು ಮಾತು. 1988ರ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ವಾಹನವನ್ನ ನಿಮ್ಮಿಷ್ಟಕ್ಕೆ ಬದಲಾಯಿಸೋ ಹಾಗಿಲ್ಲ. ಆಸೆ ತಡೆಯೋಕೆ ಆಗಲ್ಲ ಅಂದ್ರೆ ಕೊಯಮತ್ತೂರಿನಲ್ಲಿ, ಚೆನ್ನೈ ಹತ್ತಿರ ರೇಸ್ ಟ್ರ್ಯಾಕ್ ಇವೆ. ಅಲ್ಲಿ ತೋರಿಸಿ ನಿಮ್ಮ ತಾಕತ್ತು. ಇನ್ನೊಂದು ಮಾತು, ಬಿಚ್ಚೋಕೆ ಮುಂಚೆ ಆ ಮುದುಕ ಕೇಳಿದ ನಾಲ್ಕನೇ ಪ್ರಶ್ನೆಯನ್ನ ನಿಮಗೆ ನೀವೇ ಕೇಳ್ಕೊಳ್ಳಿ. ದಿನದಲ್ಲಿ ಹೆಚ್ಚು ಹೊತ್ತು ನಾನು ಓಡಿಸೋದು ಎಲ್ಲಿ?

ಸೌಂಡಿನ ಬಗ್ಗೆ ಉಪದೇಶ ಮಾಡೋಕೆ ಟಿವಿಯವನಿಗೆ ಏನು ಹಕ್ಕಿದೆ ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ನಮ್ಮ ಸ್ಟುಡಿಯೋದಲ್ಲೂ ಎಂಟು ಜನ ಒಟ್ಟಿಗೆ ಕಿರುಚಿದ್ರೆ ಅದೇ ಚರ್ಚೆ ಅಂದ್ಕೊಂಡ ದಿನಗಳಿವೆ. ಒಳಗೆ ಬರೋ ಬಾಗಿಲು, ಹೊರಗೆ ಹೋಗೋ ಬಾಗಿಲು ಎರಡೂ ತೆಗೆದಿಟ್ಟು, ಉರಿ ಹತ್ತದೇ ಇದ್ರೂ ನಡುಗೋದನ್ನೇ ಶಕ್ತಿ ಅಂದ್ಕೊಂಡಿದ್ವಿ. ಅವತ್ತು ವುಡ್‌ವರ್ಡ್ ರಸ್ತೆಯಲ್ಲಿ ಕಲ್ಲಾದ ಪೆಡಲ್ಲು ನೋಡಿದ ಮೇಲೆ ನನಗೆ ಒಂದು ಅಭ್ಯಾಸ ಬಂದಿದೆ. ಯಾರಾದ್ರೂ ತುಂಬಾ ಸದ್ದು ಮಾಡ್ತಿದ್ರೆ, ಮೊದಲು ಅವರ ಬ್ರೇಕ್ ಹೇಗಿದೆ ಅಂತ ನೋಡ್ತೀನಿ.