ಟರ್ಮಿನಲ್ ಹಟ ಹಿಡಿದಾಗ

ಮನೆಯಲ್ಲಿ ಕುಳಿತು ದೂರದ ಸರ್ವರಿನಲ್ಲಿ ಲೆಕ್ಕ ಮಾಡಿಸುವುದು ಈಗ ವಿಜ್ಞಾನ ವಿದ್ಯಾರ್ಥಿಗಳಿಗೆ ವಾಡಿಕೆಯ ಸಂಗತಿ. ಲ್ಯಾಪ್‌ಟಾಪ್ ಇರುವುದು ಮೈಸೂರಿನ ಕುವೆಂಪುನಗರದ ಒಂದು ಮಹಡಿ ಕೋಣೆಯಲ್ಲಿ. ಲೆಕ್ಕ ಮಾಡುವ ಯಂತ್ರ ಇರುವುದು ಬೀಗ ಹಾಕಿದ ಇನ್ನಾವುದೋ ಕಟ್ಟಡದಲ್ಲಿ. ಎರಡರ ನಡುವೆ ಚಿತ್ರಗಳಿಲ್ಲ, ಮೌಸ್ ಇಲ್ಲ. ಅತ್ತಿಂದಿತ್ತ ಹರಿಯುವುದು ಬೈಟ್‌ಗಳು ಮಾತ್ರ. ಆದೇಶವನ್ನು ಟಂಕಿಸಿ ಎಂಟರ್ ಒತ್ತಿದರೆ ಉತ್ತರ ಬರುತ್ತದೆ. ಈ ಮಾತುಕತೆ ನಡೆಯುವ ಕಪ್ಪು ಕಿಟಕಿಗೆ ಟರ್ಮಿನಲ್ ಎಂದು ಹೆಸರು.

ಈ ಕಿಟಕಿ ಒಮ್ಮೊಮ್ಮೆ ಹಟ ಹಿಡಿಯುತ್ತದೆ. ಬ್ಯಾಕ್‌ಸ್ಪೇಸ್ ಒತ್ತಿದರೆ ಅಕ್ಷರ ಅಳಿಯುವ ಬದಲು ಹೊಸ ಚಿಹ್ನೆ ಮೂಡುತ್ತದೆ. ಟಂಕಿಸಿದ್ದು ಕಾಣುವುದೇ ಇಲ್ಲ. ಸಾಲುಗಳು ಮೆಟ್ಟಿಲು ಮೆಟ್ಟಿಲಾಗಿ ಬಲಕ್ಕೆ ಜಾರುತ್ತವೆ. ಅಥವಾ ಎಲ್ಲವೂ ಸ್ತಬ್ಧವಾಗುತ್ತದೆ. ಆಗ ಬಹುಮಂದಿ ಆಡುವ ಮಾತು, 'ಸರ್ವರ್ ಕೆಟ್ಟಿದೆ' ಎಂದು. ಮಾಡುವ ಕೆಲಸ, ಕಿಟಕಿಯನ್ನು ಮುಚ್ಚಿ ಮತ್ತೆ ತೆರೆಯುವುದು. ಮಾತು ಸಾಮಾನ್ಯವಾಗಿ ಸುಳ್ಳು. ಕೆಲಸ ಕೆಲವೊಮ್ಮೆ ಬಹಳ ದುಬಾರಿ. ದೋಷ ಎಲ್ಲಿದೆ ಎಂದು ಗುರುತಿಸುವುದು ಅಷ್ಟೇನೂ ಕಷ್ಟವಲ್ಲ. ಆದರೆ ಅದಕ್ಕೆ ಸ್ವಲ್ಪ ಇತಿಹಾಸ ತಿಳಿದಿರಬೇಕು. (ಆದೇಶಗಳನ್ನು ಇಲ್ಲಿ ಉಚ್ಚಾರಣೆಯಂತೆ ಬರೆದಿದ್ದೇನೆ, ಟಂಕಿಸುವಾಗ ಇಂಗ್ಲಿಷಿನ ಚಿಕ್ಕ ಅಕ್ಷರಗಳನ್ನೇ ಬಳಸಬೇಕು.)

ಮೊದಲ ಟರ್ಮಿನಲ್‌ಗಳು ಬೆರಳಚ್ಚು ಯಂತ್ರಗಳೇ. 1963ರಲ್ಲಿ ಬಂದ ಟೆಲಿಟೈಪ್ ಮಾದರಿ 33 ಸೆಕೆಂಡಿಗೆ ಹತ್ತು ಅಕ್ಷರಗಳನ್ನು ಕಾಗದದ ಮೇಲೆ ಕುಟ್ಟುತ್ತಿತ್ತು. ಅಚ್ಚಿನ ತಲೆಯನ್ನು ಸಾಲಿನ ಆರಂಭಕ್ಕೆ ಒಯ್ಯಲು ಒಂದು ಸಂಕೇತ, ಅದರ ಬೆಲೆ 13. ಕಾಗದವನ್ನು ಒಂದು ಸಾಲು ಮೇಲೆತ್ತಲು ಇನ್ನೊಂದು, ಬೆಲೆ 10. ಇವೆರಡೂ ಬೇರೆ ಬೇರೆ ಯಾಂತ್ರಿಕ ಚಲನೆಗಳು. ಎರಡನೆಯದು ಮಾತ್ರ ನಡೆದು ಮೊದಲನೆಯದು ನಡೆಯದಿದ್ದರೆ ಏನಾಗುತ್ತದೆ? ಮುಂದಿನ ಸಾಲು ಹಿಂದಿನದು ಮುಗಿದ ಜಾಗದಿಂದಲೇ ಶುರುವಾಗುತ್ತದೆ. ಮೇಲೆ ಹೇಳಿದ ಮೆಟ್ಟಿಲು ಇದೇ. 1978ರಲ್ಲಿ ಡಿಜಿಟಲ್ ಎಕ್ವಿಪ್‌ಮೆಂಟ್ ಕಾರ್ಪೊರೇಷನ್ ಎಂಬ ಅಮೆರಿಕದ ಕಂಪನಿ ವಿಟಿ100 ಎಂಬ ಗಾಜಿನ ಪರದೆಯ ಟರ್ಮಿನಲನ್ನು ಹೊರತಂದಿತು: 24 ಸಾಲು, ಸಾಲಿಗೆ 80 ಮನೆ. ಆ ಕಂಪನಿ ಈಗಿಲ್ಲ. ಆದರೆ ನಿಮ್ಮ ಲ್ಯಾಪ್‌ಟಾಪಿನ ಕಪ್ಪು ಕಿಟಕಿ ಇಂದಿಗೂ ಆ ಯಂತ್ರದ ವೇಷವನ್ನೇ ಹಾಕಿದೆ.

ಹೀಗಾಗಿ ನೀವು ಒತ್ತುವ ಪ್ರತಿಯೊಂದು ಕೀಲಿಯೂ ಮೂವರ ಕೈ ದಾಟಬೇಕು. ಮೊದಲನೆಯದು ನಿಮ್ಮ ಕಿಟಕಿ. ಅದು ಕೀಲಿಯನ್ನು ಬೈಟ್ ಆಗಿಸಿ ಕಳುಹಿಸುತ್ತದೆ, ಬಂದ ಬೈಟನ್ನು ಅಕ್ಷರವಾಗಿ ತೋರಿಸುತ್ತದೆ. ಎರಡನೆಯದು ಸರ್ವರಿನ ಕಾರ್ಯಾಚರಣ ವ್ಯವಸ್ಥೆಯೊಳಗಿನ ಟರ್ಮಿನಲ್ ಚಾಲಕ. ಅಕ್ಷರಗಳನ್ನು ನಿಮಗೆ ಮರಳಿ ತೋರಿಸುವುದು, ಒಂದು ಸಾಲು ಮುಗಿಯುವ ತನಕ ಕೂಡಿಟ್ಟುಕೊಳ್ಳುವುದು, ಅಳಿಸು ಎಂದಾಗ ಅಳಿಸುವುದು ಇದರ ಕೆಲಸ. ಇದರ ಅಸ್ತಿತ್ವವೇ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಮೂರನೆಯದು ನೀವು ಓಡಿಸುತ್ತಿರುವ ಕ್ರಮವಿಧಿ. ಮೂವರೂ ಒಂದೇ ಒಪ್ಪಂದದಲ್ಲಿದ್ದರೆ ಎಲ್ಲವೂ ಸರಿ. ಒಬ್ಬರ ಒಪ್ಪಂದ ತಪ್ಪಿದರೂ ಕಿಟಕಿ ಹಟ ಹಿಡಿಯುತ್ತದೆ.

ಮೊದಲು ಸ್ತಬ್ಧವಾಗುವ ವಿಷಯ. ಕಂಟ್ರೋಲ್ ಕೀಲಿ ಮಾಡುವುದು ಒಂದು ಸರಳ ಗಣಿತ: ದೊಡ್ಡ ಅಕ್ಷರದ ಸಂಕೇತದಿಂದ 64 ಕಳೆಯುತ್ತದೆ. ಎಸ್ ಅಕ್ಷರದ ಸಂಕೇತ 83, ಆದ್ದರಿಂದ ಕಂಟ್ರೋಲ್-ಎಸ್ ಎಂದರೆ 19. ಕ್ಯೂ 81, ಕಂಟ್ರೋಲ್-ಕ್ಯೂ 17. ಟೆಲಿಟೈಪ್ ಕಾಲದಿಂದಲೂ 19 ಎಂದರೆ 'ನಿಲ್ಲಿಸು', 17 ಎಂದರೆ 'ಮುಂದುವರಿಸು'. ನಿಧಾನವಾದ ಯಂತ್ರಕ್ಕೆ ಉಸಿರಾಡಲು ಬಿಡುವು ಕೊಡುವ ಏರ್ಪಾಡು ಅದು. ಆದರೆ ಇಂದಿನ ವಿದ್ಯಾರ್ಥಿಯ ಬೆರಳಿಗೆ ಕಂಟ್ರೋಲ್-ಎಸ್ ಎಂದರೆ ಕಡತವನ್ನು ಉಳಿಸುವ ಅಭ್ಯಾಸ.

ನಮ್ಮ ಬಡಾವಣೆಯ ವಿದ್ಯಾರ್ಥಿನಿಯೊಬ್ಬಳು ಒಂದು ರಾತ್ರಿ ಫೋನ್ ಮಾಡಿದಳು. 'ಸಾರ್, ಸರ್ವರ್ ಹ್ಯಾಂಗ್ ಆಗಿದೆ. ಮೂರು ದಿನದಿಂದ ಓಡ್ತಿತ್ತು. ಕಿಟಕಿ ಕ್ಲೋಸ್ ಮಾಡಿ ನೋಡ್ಲಾ?' ಅವಳದು ಕಾಂತತ್ವದ ಐಸಿಂಗ್ ಮಾದರಿಯ ಲೆಕ್ಕ. ಒಂದೊಂದು ಉಷ್ಣತೆಗೂ ಒಂದೊಂದು ಸಾಲು ಉತ್ತರ ಪರದೆಗೆ ಬರುತ್ತಿತ್ತು, ಕಡತಕ್ಕೆ ಹೋಗುತ್ತಿರಲಿಲ್ಲ. 'ಮುಚ್ಚಬೇಡಮ್ಮ. ಕಂಟ್ರೋಲ್ ಹಿಡಿದು ಕ್ಯೂ ಒತ್ತು' ಎಂದೆ. ಎರಡು ಕ್ಷಣ ಬಿಟ್ಟು, 'ಅಯ್ಯೋ ಸಾರ್, ಬರ್ತಾ ಇದೆ!' ಎಂಬ ಕೂಗು ಕೇಳಿಸಿತು.

ಅವಳು ಕಿಟಕಿಯನ್ನು ಮುಚ್ಚಿದ್ದರೆ? ಸಂಪರ್ಕ ಕಡಿದೊಡನೆ ಚಾಲಕವು ಕ್ರಮವಿಧಿಗೆ 'ಫೋನ್ ಇಟ್ಟುಬಿಟ್ಟರು' ಎಂಬ ಅರ್ಥದ ಸೂಚನೆ ಕಳಿಸುತ್ತದೆ. ಬೇರೆ ವ್ಯವಸ್ಥೆ ಮಾಡಿಲ್ಲದ ಕ್ರಮವಿಧಿ ಅದನ್ನು ಕೇಳಿ ಪ್ರಾಣ ಬಿಡುತ್ತದೆ. ಮೂರು ದಿನದ ಲೆಕ್ಕ ಹೋಗುತ್ತಿತ್ತು. ಕಂಟ್ರೋಲ್-ಎಸ್ ಒತ್ತಿದಾಗ ಆದದ್ದು ಇಷ್ಟೇ: ಚಾಲಕ ಉತ್ತರಗಳನ್ನು ತಡೆಹಿಡಿಯಿತು, ಅದರ ಚಿಕ್ಕ ಉಗ್ರಾಣ ತುಂಬಿದ್ದರೆ ಕ್ರಮವಿಧಿ ಸುಮ್ಮನೆ ಕಾಯುತ್ತಿತ್ತು. ಒಂದಂಕಿಯೂ ನಷ್ಟವಿಲ್ಲ. ಈ ತಡೆ ಬೇಡವೆನ್ನುವವರು 'ಎಸ್‌ಟಿಟಿವೈ -ಐಎಕ್ಸ್‌ಆನ್' ಎಂಬ ಆದೇಶದಿಂದ ಅದನ್ನು ತೆಗೆದುಹಾಕಬಹುದು. ದೀರ್ಘ ಲೆಕ್ಕಗಳನ್ನು ಮಾತ್ರ 'ಟಿಮಕ್ಸ್' ಅಥವಾ 'ಸ್ಕ್ರೀನ್' ತಂತ್ರಾಂಶದೊಳಗೇ ಓಡಿಸಬೇಕು. ಆಗ ಟರ್ಮಿನಲ್ ಸರ್ವರಿನಲ್ಲಿಯೇ ಇರುತ್ತದೆ. ಮನೆಯಲ್ಲಿ ಕರೆಂಟ್ ಹೋದರೂ ಲೆಕ್ಕ ನಿಲ್ಲುವುದಿಲ್ಲ.

ಬ್ಯಾಕ್‌ಸ್ಪೇಸ್ ಜಗಳ ಇನ್ನೂ ಹಳೆಯದು. ಕಾಗದದ ಪಟ್ಟಿಯಲ್ಲಿ ತೂತು ಹೊಡೆದು ಅಕ್ಷರ ದಾಖಲಿಸುತ್ತಿದ್ದ ಕಾಲದಲ್ಲಿ ತಪ್ಪು ಅಕ್ಷರವನ್ನು ಅಳಿಸಲು ಒಂದೇ ದಾರಿ, ಅದರ ಏಳೂ ಸ್ಥಾನಗಳಲ್ಲಿ ತೂತು ಹೊಡೆದುಬಿಡುವುದು. ದ್ವಿಮಾನ ಪದ್ಧತಿಯಲ್ಲಿ ಏಳು ಒಂದುಗಳೆಂದರೆ 127. 'ಅಳಿಸು' ಎಂಬ ಸಂಕೇತ 127 ಆದದ್ದು ಹೀಗೆ. 'ಒಂದು ಮನೆ ಹಿಂದೆ ಸರಿ' ಎಂಬುದಕ್ಕೆ ಬೇರೆಯೇ ಸಂಕೇತ 8, ಅಂದರೆ ಕಂಟ್ರೋಲ್-ಎಚ್. ನಿಮ್ಮ ಕಿಟಕಿ ಒಂದನ್ನು ಕಳಿಸಿ ಚಾಲಕ ಇನ್ನೊಂದನ್ನು ನಿರೀಕ್ಷಿಸುತ್ತಿದ್ದರೆ ಅಕ್ಷರ ಅಳಿಯುವುದಿಲ್ಲ. ಕೀಲಿ ಏನು ಕಳಿಸುತ್ತಿದೆ ಎಂದು ತಿಳಿಯಲು ಕಂಟ್ರೋಲ್-ವಿ ಒತ್ತಿ, ಆಮೇಲೆ ಬ್ಯಾಕ್‌ಸ್ಪೇಸ್ ಒತ್ತಿ. ಟೋಪಿ ಚಿಹ್ನೆಯ ಪಕ್ಕ ಪ್ರಶ್ನಾರ್ಥಕ ಮೂಡಿದರೆ 127, ಎಚ್ ಮೂಡಿದರೆ 8. ಚಾಲಕದ ನಿರೀಕ್ಷೆಯನ್ನು 'ಎಸ್‌ಟಿಟಿವೈ -ಎ' ತೋರಿಸುತ್ತದೆ. ಎರಡೂ ಬೇರೆಯಾಗಿದ್ದರೆ 'ಎಸ್‌ಟಿಟಿವೈ ಇರೇಸ್' ಎಂದು ಟಂಕಿಸಿ, ಒಂದು ಜಾಗ ಬಿಟ್ಟು, ಕಂಟ್ರೋಲ್-ವಿ ಮತ್ತು ಬ್ಯಾಕ್‌ಸ್ಪೇಸ್ ಒತ್ತಿ ಎಂಟರ್ ಕೊಟ್ಟರೆ ಜಗಳ ಮುಗಿಯಿತು. ಊಹೆಗಿಂತ ಅಳತೆ ಮೇಲು ಎಂದು ಪ್ರಯೋಗಾಲಯದಲ್ಲಿ ಹೇಳುವ ನಾವು ಗಣಕದ ಮುಂದೆ ಕುಳಿತಾಗ ಅದನ್ನು ಯಾಕೆ ಮರೆಯುತ್ತೇವೋ ತಿಳಿಯದು.

ಟಂಕಿಸಿದ್ದು ಕಾಣದಿರುವುದಕ್ಕೂ ಮೆಟ್ಟಿಲಿಗೂ ಸಾಮಾನ್ಯವಾಗಿ ಕಾರಣ ಒಂದೇ. ಇಡೀ ಪರದೆಯನ್ನು ಬಳಸುವ ಕ್ರಮವಿಧಿಗಳು ಚಾಲಕಕ್ಕೆ 'ನೀನು ಸುಮ್ಮನಿರು, ನಾನೇ ನೋಡಿಕೊಳ್ಳುತ್ತೇನೆ' ಎನ್ನುತ್ತವೆ. ಮುಗಿಸುವಾಗ ಹಳೆಯ ಸ್ಥಿತಿಗೆ ತರುತ್ತವೆ. ನಡುವೆ ಅಸುನೀಗಿದರೆ ತರುವವರಿಲ್ಲ. ಆಗ 'ಎಸ್‌ಟಿಟಿವೈ ಸೇನ್' ಎಂದು ಟಂಕಿಸಬೇಕು, ಕುರುಡಾಗಿಯೇ. ಇಲ್ಲೊಂದು ಸೂಕ್ಷ್ಮವಿದೆ. ಎಂಟರ್ ಕೀಲಿ ಕಳಿಸುವುದು 13, ಚಾಲಕಕ್ಕೆ ಬೇಕಾದುದು 10. ಎಂದಿನ ದಿನಗಳಲ್ಲಿ ಚಾಲಕವೇ 13ನ್ನು 10 ಮಾಡಿಕೊಳ್ಳುತ್ತದೆ. ಈಗ ಅದೂ ನಿಂತಿರಬಹುದು. ಆದ್ದರಿಂದ ಎಂಟರ್ ಬದಲು ಕಂಟ್ರೋಲ್-ಜೆ ಒತ್ತಬೇಕು. ಜೆ 74, ಕಳೆದರೆ ಸರಿಯಾಗಿ 10. ಆದೇಶದ ಮುಂದೊಮ್ಮೆ, ಹಿಂದೊಮ್ಮೆ ಒತ್ತಿದರೆ ಒಳ್ಳೆಯದು. ಚಾಲಕ ಸರಿಹೋಗಿಯೂ ಪರದೆಯ ತುಂಬ ವಿಚಿತ್ರ ಗೆರೆಗಳು ಉಳಿದಿದ್ದರೆ ದೋಷ ಕಿಟಕಿಯದು. 'ರೀಸೆಟ್' ಎಂಬ ಆದೇಶ ಅದನ್ನು ಆರಂಭದ ಸ್ಥಿತಿಗೆ ತರುತ್ತದೆ.

ಮೂರನೆಯವನ, ಎಂದರೆ ಕ್ರಮವಿಧಿಯ, ಒಪ್ಪಂದ 'ಟರ್ಮ್' ಎಂಬ ಚರಾಂಶದಲ್ಲಿದೆ (ಇದನ್ನು ಮಾತ್ರ ನಾಲ್ಕು ದೊಡ್ಡ ಅಕ್ಷರಗಳಲ್ಲಿ ಬರೆಯಬೇಕು). ಎದುರಿಗಿರುವುದು ಯಾವ ಜಾತಿಯ ಟರ್ಮಿನಲ್ ಎಂಬ ಹೆಸರು ಅದರಲ್ಲಿರುತ್ತದೆ. ಕ್ರಮವಿಧಿ ಆ ಹೆಸರನ್ನು ಸರ್ವರಿನಲ್ಲಿರುವ ಟರ್ಮಿನಲ್‌ಗಳ ನಿಘಂಟಿನಲ್ಲಿ ಹುಡುಕುತ್ತದೆ. ಹೊಸ ಕಿಟಕಿ, ಹಳೆಯ ಸರ್ವರ್ ಆದರೆ ಹೆಸರೇ ಸಿಗುವುದಿಲ್ಲ. 'ಅಪರಿಚಿತ ಟರ್ಮಿನಲ್' ಎಂಬ ದೂರು ಬರುತ್ತದೆ. ತತ್ಕಾಲಕ್ಕೆ ಹೆಸರನ್ನು 'ಎಕ್ಸ್‌ಟರ್ಮ್' ಅಥವಾ 'ವಿಟಿ100' ಎಂದು ಬದಲಿಸಿದರೆ ಕೆಲಸ ಸಾಗುತ್ತದೆ. ಸರಿಯಾದ ಪರಿಹಾರವೆಂದರೆ ನಿಮ್ಮ ಲ್ಯಾಪ್‌ಟಾಪಿನ ನಿಘಂಟಿನಿಂದ ಆ ವಿವರಣೆಯನ್ನು 'ಇನ್ಫೊಸಿಎಂಪಿ' ಆದೇಶದಿಂದ ತೆಗೆದು, ಸರ್ವರಿನಲ್ಲಿ 'ಟಿಐಸಿ' ಆದೇಶದಿಂದ ಸೇರಿಸುವುದು. ಲಾಗಿನ್ ಕಡತದಲ್ಲಿ ಒಂದೇ ಹೆಸರನ್ನು ಶಾಶ್ವತವಾಗಿ ಬರೆದಿಡುವ ಪದ್ಧತಿ ನನಗೆ ಒಪ್ಪಿಗೆಯಲ್ಲ. ಬಂದ ರೋಗಿಗಳಿಗೆಲ್ಲ ಒಂದೇ ನಂಬರಿನ ಕನ್ನಡಕ ಕೊಟ್ಟ ಹಾಗೆ ಅದು.

ಇಷ್ಟು ಇಂಗ್ಲಿಷಿನ ಕಥೆ. ಇದೇ ಕಿಟಕಿಯಲ್ಲಿ ಕನ್ನಡ ಬರೆಯಹೊರಟರೆ ಚಾಲಕದ ಲೆಕ್ಕಾಚಾರವೇ ಪರೀಕ್ಷೆಗೊಳಗಾಗುತ್ತದೆ. 'ಕುವೆಂಪುನಗರ' ಎಂಬ ಪದವನ್ನೇ ತೆಗೆದುಕೊಳ್ಳಿ. ಕಣ್ಣಿಗೆ ಆರು ಅಕ್ಷರ. ಯೂನಿಕೋಡ್‌ನಲ್ಲಿ ವ್ಯಂಜನ, ಸ್ವರಚಿಹ್ನೆ, ಅನುಸ್ವಾರಗಳಿಗೆ ಬೇರೆ ಬೇರೆ ಸಂಕೇತಗಳಿರುವುದರಿಂದ ಹತ್ತು ಸಂಕೇತ. ಯುಟಿಎಫ್-8 ವಿಧಾನದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್; ಒಟ್ಟು ಮೂವತ್ತು. ಬೈಟನ್ನೇ ಅಕ್ಷರವೆಂದು ತಿಳಿದ ಚಾಲಕ ಒಂದು ಬ್ಯಾಕ್‌ಸ್ಪೇಸಿಗೆ ಒಂದು ಬೈಟನ್ನು ಅಳಿಸಿ, ಪರದೆಯಲ್ಲಿ ಒಂದು ಇಡೀ ಮನೆಯನ್ನು ಖಾಲಿ ಮಾಡುತ್ತದೆ. ಹತ್ತು ಸಲ ಒತ್ತಿದರೆ ಪರದೆಯಲ್ಲಿ ಪದವೇ ಇಲ್ಲ. ಚಾಲಕದ ಉಗ್ರಾಣದಲ್ಲಿ ಇಪ್ಪತ್ತು ಬೈಟ್ ಉಳಿದೇ ಇದೆ! ಹೆಸರುಗಳ ಪಟ್ಟಿಯನ್ನು ಹೀಗೆ ನೇರವಾಗಿ ಕಡತಕ್ಕೆ ತುಂಬಿಸಿದರೆ ಕಣ್ಣಿಗೆ ಕಾಣದ ಅರ್ಧ ಅಕ್ಷರಗಳು ಒಳಗೆ ಸೇರಿಕೊಳ್ಳುತ್ತವೆ. ಹಾಳಾಗುವುದು ಪರದೆಯಲ್ಲ, ದತ್ತಾಂಶ.

ಲಿನಕ್ಸ್‌ನಲ್ಲಿ ಇದಕ್ಕೆ ಪರಿಹಾರವಿದೆ: 'ಎಸ್‌ಟಿಟಿವೈ ಐಯುಟಿಎಫ್8'. ಆಗ ಚಾಲಕ ಮೂರು ಬೈಟ್‌ಗಳನ್ನು ಒಟ್ಟಿಗೆ ಅಳಿಸುತ್ತದೆ. ಆದರೆ ಈ ಸೆಟ್ಟಿಂಗ್ ಮನೆಯಿಂದ ಸರ್ವರಿಗೆ ತಾನಾಗಿ ತಲುಪುವ ಏರ್ಪಾಡು ಓಪನ್‌ಎಸ್‌ಎಸ್‌ಎಚ್ ತಂತ್ರಾಂಶಕ್ಕೆ ಬಂದದ್ದು 2016ರಲ್ಲಿ, 7.3ನೇ ಆವೃತ್ತಿಯಲ್ಲಿ. ಅದಕ್ಕಿಂತ ಹಳೆಯ ಸರ್ವರಾದರೆ ನೀವೇ ಟಂಕಿಸಬೇಕು. ಅಷ್ಟಾದರೂ ಅಳಿಯುವುದು ಸಂಕೇತ, ಅಕ್ಷರವಲ್ಲ. 'ಸ್ತ್ರೀ' ಎಂಬ ಒಂದೇ ಅಕ್ಷರಕ್ಕೆ ಆರು ಬ್ಯಾಕ್‌ಸ್ಪೇಸ್ ಬೇಕು.

ಭಾರತೀಯ ಭಾಷೆಗಳಿಗಾಗಿ 1991ರಲ್ಲಿ ಮಾನಕವಾದ ಇಸ್ಕಿ ಸಂಕೇತದಲ್ಲಿ ಒಂದು ವ್ಯಂಜನಕ್ಕೆ ಒಂದೇ ಬೈಟ್. ಬೈಟ್ ಎಣಿಸುವ ಚಾಲಕದೊಡನೆ ಅದಕ್ಕೆ ಈ ಜಗಳ ಇರಲಿಲ್ಲ. ಯೂನಿಕೋಡ್ ಪ್ರಪಂಚದ ಎಲ್ಲ ಲಿಪಿಗಳನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಿತು. ಬೈಟ್‌ಗಳ ಹೆಚ್ಚಳ ಅದಕ್ಕೆ ತೆತ್ತ ಬೆಲೆ. ವಿಟಿ100ರ ಚೌಕಳಿ ಮಾತ್ರ ಬದಲಾಗಲಿಲ್ಲ. ಒತ್ತಕ್ಷರ ಎಷ್ಟು ಮನೆ ಹಿಡಿಯಬೇಕು ಎಂಬುದರಲ್ಲಿ ಕಿಟಕಿ, ಚಾಲಕ, ಕ್ರಮವಿಧಿ ಮೂವರಿಗೂ ಒಮ್ಮತವಿಲ್ಲದಿರುವುದರಿಂದ ಕನ್ನಡದ ಸಾಲಿನಲ್ಲಿ ಕರ್ಸರ್ ಒಂದೆಡೆ, ಬರೆಹ ಇನ್ನೊಂದೆಡೆ ಇರುವುದು ಸಾಮಾನ್ಯ. ಉದ್ದದ ಕನ್ನಡ ಪಠ್ಯವನ್ನು ಲ್ಯಾಪ್‌ಟಾಪಿನಲ್ಲೇ ಬರೆದು ಕಡತವಾಗಿ ಸರ್ವರಿಗೆ ಕಳಿಸುವುದೇ ಜಾಣತನ ಎಂದು ನನ್ನ ಅಭಿಪ್ರಾಯ.

ಕನ್ನಡದ ಬದಲು ಕಸ ಕಂಡಾಗಲೂ ಗಾಬರಿ ಬೇಡ, ಕಸವನ್ನು ಓದಿ. 'ಕ' ಎಂದರೆ 224, 178, 149 ಎಂಬ ಬೈಟ್‌ಗಳು. ಕಿಟಕಿ ಇವನ್ನು ಪಶ್ಚಿಮ ಯುರೋಪಿನ ಸಂಕೇತಗಳೆಂದು ತಿಳಿದರೆ 224ಕ್ಕೆ ಓರೆಗೆರೆ ಹೊತ್ತ ಇಂಗ್ಲಿಷ್ ಎ, 178ಕ್ಕೆ ವರ್ಗಸೂಚಕ ಪುಟ್ಟ 2 ಮೂಡುತ್ತವೆ. ವ್ಯಂಜನಗಳಿಗೆಲ್ಲ ಈ ವರ್ಗ. ಕೊಂಬು, ಎತ್ವ, ಹಲಂತಗಳಿಗೆ ಎರಡನೆಯ ಬೈಟ್ 179, ಅಂದರೆ ಘನಸೂಚಕ ಪುಟ್ಟ 3. ಪರದೆಯ ತುಂಬ ವರ್ಗ, ಘನಗಳು ಚೆಲ್ಲಾಡಿದ್ದರೆ ಒಳಗಿನ ಕನ್ನಡ ಕ್ಷೇಮವಾಗಿದೆ. ಕಿಟಕಿಯ ಸಂಕೇತ ಆಯ್ಕೆಯನ್ನು ಯುಟಿಎಫ್-8ಕ್ಕೆ ಬದಲಿಸಿದರೆ ಸಾಕು.

ಖಚಿತವಾಗಬೇಕಿದ್ದರೆ 'ಕುವೆಂಪುನಗರ' ಎಂಬ ಒಂದೇ ಸಾಲಿನ ಕಡತ ಮಾಡಿ 'ಡಬ್ಲ್ಯುಸಿ -ಸಿ' ಆದೇಶ ಕೊಡಿ. ಸಾಲಿನ ಕೊನೆಯ ಸಂಕೇತವೂ ಸೇರಿ 31 ಬಂದರೆ ದತ್ತಾಂಶದ ಬೈಟ್ ಲೆಕ್ಕ ಸರಿ. 'ಡಬ್ಲ್ಯುಸಿ -ಎಂ' ಕೊಟ್ಟಾಗ 11 ಬಂದರೆ ಸರ್ವರಿನ ಭಾಷಾ ಸೆಟ್ಟಿಂಗ್ ಕೂಡ ಸರಿ. ಅಲ್ಲಿಯೂ 31 ಬಂದರೆ ಸರ್ವರ್ ಇನ್ನೂ ಬೈಟ್ ಎಣಿಸುತ್ತಿದೆ, 'ಲೊಕೇಲ್' ಆದೇಶದ ಉತ್ತರದಲ್ಲಿ ಯುಟಿಎಫ್-8 ಇದೆಯೇ ನೋಡಿ. ಎರಡೂ ಸರಿಯಿದ್ದು ಪರದೆಯಲ್ಲಿ ಖಾಲಿ ಚೌಕಗಳಷ್ಟೇ ಕಂಡರೆ ಸರ್ವರಿನ ತಂಟೆಗೆ ಹೋಗಬೇಡಿ; ನಿಮ್ಮ ಲ್ಯಾಪ್‌ಟಾಪಿನಲ್ಲಿ ಕನ್ನಡ ಫಾಂಟ್ ಇಲ್ಲ.