ವಿಷದ ಮುನ್ಸೂಚನೆಗೆ ಬೇಯ್ಸನ ಗಣಿತ

ಪದಾರ್ಥವೊಂದು ವಿಷವಾಗುವುದು ಅದರ ಪ್ರಮಾಣದಿಂದ ಎಂದು 16ನೆಯ ಶತಮಾನದ ವೈದ್ಯ ಪ್ಯಾರಾಸೆಲ್ಸಸ್ ಕಂಡುಕೊಂಡದ್ದೇ ಇಂದಿಗೂ ವಿಷಶಾಸ್ತ್ರದ ಅಡಿಗಲ್ಲು. ಪ್ರಮಾಣ ಏರಿದಂತೆ ಜೀವಕೋಶದ ಪ್ರತಿಕ್ರಿಯೆ ಬದಲಾಗುವ ಬಗೆಯನ್ನು ನಕ್ಷೆಯಲ್ಲಿ ಬರೆದರೆ ಒಂದು ವಕ್ರರೇಖೆ ದೊರೆಯುತ್ತದೆ. ಕಾಲವನ್ನೂ ಒಂದು ಅಕ್ಷವಾಗಿ ಸೇರಿಸಿದರೆ ಆ ರೇಖೆ ಏರಿಳಿತಗಳುಳ್ಳ ಮೇಲ್ಮೈಯಾಗುತ್ತದೆ. ಅಣುವಿನ ತೂಕ, ಕೊಬ್ಬಿನಲ್ಲಿ ಕರಗುವ ಗುಣ, ಪರಮಾಣುಗಳ ಜೋಡಣೆ ಮುಂತಾದ ನೂರಾರು ಲಕ್ಷಣಗಳಿಗೂ ಒಂದೊಂದು ಅಕ್ಷವಿತ್ತರೆ, ಗಣಿತಕ್ಕೆ ಮಾತ್ರ ನಿಲುಕುವ ಬಹು ಆಯಾಮದ ಮೇಲ್ಮೈ ರೂಪುಗೊಳ್ಳುತ್ತದೆ.

ಬಳಕೆಯಲ್ಲಿರುವ ಸಾವಿರಾರು ರಾಸಾಯನಿಕಗಳನ್ನು ಒಂದೊಂದಾಗಿ ಪ್ರಾಣಿಗಳ ಮೇಲೆ ಪರೀಕ್ಷಿಸಲು ಕಾಲವೂ ಹಣವೂ ಸಾಲವು. ಆದ್ದರಿಂದ ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆ 2007ರಲ್ಲಿ ‘ಟಾಕ್ಸ್‌ಕ್ಯಾಸ್ಟ್’ ಯೋಜನೆಯನ್ನು ಆರಂಭಿಸಿತು. ಇತರ ಸಂಸ್ಥೆಗಳೊಡನೆ ಕೈಗೊಂಡ ‘ಟಾಕ್ಸ್21’ ಯೋಜನೆಯಲ್ಲಿ ಸುಮಾರು 10,000 ರಾಸಾಯನಿಕಗಳನ್ನು, 1,536 ಕುಳಿಗಳ ತಟ್ಟೆಗಳಲ್ಲಿರಿಸಿದ ಜೀವಕೋಶಗಳ ಮೇಲೆ, ರೋಬೋಟ್ ನೆರವಿನಿಂದ ಪರೀಕ್ಷಿಸಲಾಯಿತು. ಆದರೂ ಎಲ್ಲ ರಾಸಾಯನಿಕಗಳೂ ಎಲ್ಲ ಪರೀಕ್ಷೆಗಳಿಗೆ ಒಳಗಾಗದ ಕಾರಣ, ಮಾಹಿತಿಯಲ್ಲಿ ದೊಡ್ಡ ತೆರಪುಗಳು ಉಳಿಯುತ್ತವೆ.

ಈ ತೆರಪುಗಳನ್ನು ತುಂಬಲು ನೆರವಾಗುವುದು ಇಂಗ್ಲೆಂಡಿನ ಪಾದ್ರಿ ಥಾಮಸ್ ಬೇಯ್ಸನ ಹೆಸರಿನ ಸೂತ್ರ. ಅವನ ಮರಣಾನಂತರ, 1763ರಲ್ಲಿ ಪ್ರಕಟವಾದ ಪ್ರಬಂಧ ಇದರ ಮೂಲ. ಪ್ರಯೋಗಕ್ಕೆ ಮೊದಲೇ ಇರುವ ತಿಳಿವನ್ನು ‘ಪೂರ್ವ ಸಂಭವನೀಯತೆ’ಯಾಗಿ ಬರೆದು, ಹೊಸ ಮಾಹಿತಿ ಬಂದಂತೆ ಅದನ್ನು ತಿದ್ದಿ ‘ಉತ್ತರ ಸಂಭವನೀಯತೆ’ಯನ್ನು ಪಡೆಯುವುದು ಇದರ ಕ್ರಮ. ಹೋಲುವ ಅಣುಗಳ ಪರಿಣಾಮವೂ ಸಾಮಾನ್ಯವಾಗಿ ಹೋಲುತ್ತದೆ ಎಂಬುದು ಇಲ್ಲಿನ ಪೂರ್ವ ತಿಳಿವು. ಅದಕ್ಕೆ ಗಣಿತದ ರೂಪ ಕೊಡುವ ‘ಗಾಸಿಯನ್ ಪ್ರಕ್ರಿಯೆ’ಯು ಪರೀಕ್ಷೆಯಾಗದ ಅಣುವಿನ ಫಲವನ್ನು ಅದರ ನೆರೆಯ ಅಣುಗಳಿಂದ ಅಂದಾಜು ಮಾಡುತ್ತದೆ. ಆಯಾಮಗಳು ಹೆಚ್ಚಿದಷ್ಟೂ ಮಾಹಿತಿ ವಿರಳವಾಗುವುದರಿಂದ, ನೂರಾರು ಲಕ್ಷಣಗಳ ಹಿಂದಿರುವ ಕೆಲವೇ ಸುಪ್ತ ಅಂಶಗಳನ್ನು ಹುಡುಕಿ ಅಕ್ಷಗಳನ್ನು ತಗ್ಗಿಸಲಾಗುತ್ತದೆ.

ಹೋಲಿಕೆಯೂ ಕೆಲವೊಮ್ಮೆ ದಾರಿ ತಪ್ಪಿಸುತ್ತದೆ. ಎಥನಾಲ್ ಮತ್ತು ಮೆಥನಾಲ್ ಅಣುಗಳಲ್ಲಿ ಒಂದು ಇಂಗಾಲ, ಎರಡು ಜಲಜನಕಗಳ ಅಂತರವಷ್ಟೇ ಇದ್ದರೂ, ದೇಹದಲ್ಲಿ ಫಾರ್ಮಿಕ್ ಆಮ್ಲವಾಗಿ ಮಾರ್ಪಡುವ ಮೆಥನಾಲ್ ಕಣ್ಣಿನ ನರವನ್ನು ಹಾಳುಮಾಡುತ್ತದೆ. ಕಳ್ಳಬಟ್ಟಿ ದುರಂತಗಳಲ್ಲಿ ದೃಷ್ಟಿಯನ್ನೂ ಜೀವವನ್ನೂ ಕಸಿದದ್ದು ಇದೇ ವಸ್ತು. ಇಂತಹ ಕಡಿದಾದ ತಿರುವುಗಳಿರುವುದರಿಂದಲೇ ಒಂದೇ ಸಂಖ್ಯೆಯ ಉತ್ತರ ಅಪಾಯಕಾರಿ. ಬೇಯ್ಸನ ವಿಧಾನ ಅಂದಾಜಿನೊಡನೆ ಅದರ ಅನಿಶ್ಚಿತತೆಯ ವ್ಯಾಪ್ತಿಯನ್ನೂ ತಿಳಿಸಿ, ಆ ವ್ಯಾಪ್ತಿ ಅಗಲವಾಗಿರುವ ರಾಸಾಯನಿಕವನ್ನು ಮೊದಲು ಪರೀಕ್ಷೆಗೆ ಒಳಪಡಿಸಲು ಸೂಚಿಸುತ್ತದೆ.

ಲೆಕ್ಕಾಚಾರ ಪ್ರಯೋಗಾಲಯಕ್ಕೆ ಬದಲಿಯಲ್ಲ. ಆದರೆ ತನ್ನ ಅರಿವಿನ ಮಿತಿಯನ್ನೂ ಅಳೆದು ಹೇಳುವ ವಿಧಾನವೇ ಜನರ ಆರೋಗ್ಯದ ವಿಷಯದಲ್ಲಿ ನಂಬಿಕೆಗೆ ಅರ್ಹವಾದುದು.