ಗುಂಡು ತಾನಾಗಿಯೇ ಹಾರುವುದಿಲ್ಲ

‘ಕೋವಿ ಸ್ವಚ್ಛಗೊಳಿಸುವಾಗ ಆಕಸ್ಮಿಕವಾಗಿ ಗುಂಡು ಸಿಡಿದು ಗಾಯ.’ ಇಂಥ ಸುದ್ದಿ ಓದಿದಾಗಲೆಲ್ಲ ಮೆಕ್ಯಾನಿಕಲ್ ವಿದ್ಯಾರ್ಥಿಯಾದ ನನ್ನ ಕಣ್ಣು ‘ಸಿಡಿದು’ ಎಂಬ ಪದದ ಮೇಲೆಯೇ ನಿಲ್ಲುತ್ತದೆ. ಪಟಾಕಿ ಸಿಡಿಯಬೇಕಾದರೂ ಯಾರಾದರೂ ಕಡ್ಡಿ ಗೀರಬೇಕು. ಕೋವಿಯದ್ದೂ ಅದೇ ಕಥೆ. ಟ್ರಿಗರ್ ಎಳೆದಾಗ ಒಳಗಿನ ಪುಟ್ಟ ಕೊಂಡಿ ಜಾರುತ್ತದೆ. ಸ್ಪ್ರಿಂಗ್ ಬಲಕ್ಕೆ ಹ್ಯಾಮರ್ ಬಡಿಯುತ್ತದೆ, ಫೈರಿಂಗ್ ಪಿನ್ ಹೋಗಿ ತೋಟಾದ ಹಿಂಬದಿಗೆ ಕುಟ್ಟುತ್ತದೆ, ಮದ್ದು ಹೊತ್ತಿಕೊಳ್ಳುತ್ತದೆ.

ಅಂದರೆ ಒಂದು ಜೀವ ಹೋಗಲು ಮೂರು ಸಂಗತಿ ಒಟ್ಟಿಗೆ ಕೂಡಬೇಕು. ಒಳಗೆ ತೋಟಾ ಇರಬೇಕು, ಟ್ರಿಗರ್ ಎಳೆಯಬೇಕು ಇಲ್ಲವೇ ಕೋವಿಗೆ ಬಲವಾದ ಪೆಟ್ಟು ಬೀಳಬೇಕು, ನಳಿಗೆ ಮನುಷ್ಯನ ಕಡೆಗಿರಬೇಕು. ಎಲೆಕ್ಟ್ರಾನಿಕ್ಸ್ ಓದುವ ಗೆಳೆಯರಿಗೆ ಇದು ಸಲೀಸಾಗಿ ಅರ್ಥವಾದೀತು, ಥೇಟ್ ‘ಆ್ಯಂಡ್ ಗೇಟ್’. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಸಾಕು, ಯಾರೂ ಸಾಯುವುದಿಲ್ಲ.

ನಾನು ಕೊಡಗಿನವನು. ನಮ್ಮಲ್ಲಿ ಕೋವಿ ಎಂದರೆ ಸಿನಿಮಾದ ವಸ್ತುವಲ್ಲ, ಮನೆಯ ಸದಸ್ಯ. ಕೈಲ್ ಪೊಳ್ದ್ ಹಬ್ಬಕ್ಕೆ ಅದನ್ನು ತೊಳೆದು, ಒರೆಸಿ, ತೋಕ್ ಪೂ ಮುಡಿಸಿ ಪೂಜಿಸುತ್ತೇವೆ. ಗಂಡು ಮಗು ಹುಟ್ಟಿದರೆ ಒಂದು ಗುಂಡು, ಸಾವಾದರೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುವ ಸಂಪ್ರದಾಯವಿದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸ್‌ನಿಂದ ವಿನಾಯಿತಿ ಇದ್ದು, ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿದೆ. ಹೈಕೋರ್ಟ್ ಕೂಡ 2021ರಲ್ಲಿ ಈ ವಿನಾಯಿತಿಯನ್ನು ಎತ್ತಿ ಹಿಡಿಯಿತು. ಹೆಮ್ಮೆಯ ವಿಷಯವೇ ಸರಿ. ಆದರೆ ಕಾಗದದ ವಿನಾಯಿತಿ ಕೋವಿಗೆ ಗೊತ್ತಾಗುವುದಿಲ್ಲ. ಹಬ್ಬಕ್ಕೆ ಊರಿಗೆ ಹೋದಾಗ ರೀಲ್ಸ್‌ಗಾಗಿ ಗೆಳೆಯನ ಎದೆಗೆ ನಳಿಗೆ ಇಟ್ಟು ನಗುವ ಹುಡುಗರನ್ನು ಕಂಡರೆ ನನಗೆ ಹೊಟ್ಟೆಯಲ್ಲಿ ತಳಮಳ.

ಎನ್‌ಸಿಸಿಯಲ್ಲಿ ಪಾಯಿಂಟ್ 22 ರೈಫಲ್ ಕೈಗೆ ಸಿಗುವ ಮೊದಲೇ ಶಿಸ್ತಿನ ಪಾಠ ಶುರುವಾಗುತ್ತದೆ. ಫೈರಿಂಗ್ ಮುಗಿದ ಮೇಲೆ ‘ಖಾಲಿ ಕರ್’, ‘ಜಾಂಚ್ ಶಸ್ತ್ರ’ ಎಂಬ ಆದೇಶಗಳು ಬರುತ್ತವೆ. ರೈಫಲ್ ಖಾಲಿಯಿದೆ ಎಂದು ಎಲ್ಲರಿಗೂ ಗೊತ್ತಿದ್ದರೂ ತೆರೆದು ತೋರಿಸಲೇಬೇಕು. ಜಗತ್ತಿನ ಎಲ್ಲೆಡೆ ಹೇಳಿಕೊಡುವ ಸೂತ್ರಗಳು ನಾಲ್ಕೇ.

1. ಪ್ರತಿ ಕೋವಿಯಲ್ಲೂ ತೋಟಾ ಇದೆ ಎಂದೇ ತಿಳಿಯಿರಿ. ‘ಖಾಲಿ ಇದೆ’ ಎಂದು ಯಾರೇ ಹೇಳಲಿ, ನೀವೇ ತೆರೆದು ನೋಡಿ.

2. ಗುಂಡು ತಗುಲಬಾರದ ಯಾವುದರ ಕಡೆಗೂ ನಳಿಗೆ ತಿರುಗಿಸಬೇಡಿ, ತಮಾಷೆಗೂ ಬೇಡ.

3. ಗುರಿ ಹಿಡಿಯುವವರೆಗೆ ಬೆರಳು ಟ್ರಿಗರ್‌ನಿಂದ ಹೊರಗಿರಲಿ.

4. ಗುರಿಯಷ್ಟೇ ಅಲ್ಲ, ಅದರ ಹಿಂದೇನಿದೆ ಎಂದೂ ನೋಡಿ. ನಾವು 25 ಮೀಟರ್ ದೂರದ ಗುರಿಗೆ ಹೊಡೆಯುವ ಆ ಪುಟ್ಟ ಗುಂಡು ಒಂದು ಕಿಲೊಮೀಟರ್‌ಗೂ ಆಚೆ ಹೋಗಬಲ್ಲದು.

ಇದೇನು ಮಹಾ ಎನ್ನಬೇಡಿ. 2021ರಲ್ಲಿ ಅಮೆರಿಕದಲ್ಲಿ ‘ರಸ್ಟ್’ ಚಿತ್ರದ ಸೆಟ್‌ನಲ್ಲಿ ನಟ ಅಲೆಕ್ ಬಾಲ್ಡ್‌ವಿನ್ ಕೈಯಲ್ಲಿದ್ದ ರಿವಾಲ್ವರ್‌ನಿಂದ ಗುಂಡು ಹಾರಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ಸತ್ತರು. ಅದರಲ್ಲಿ ನಿಜವಾದ ತೋಟಾ ಇಲ್ಲವೆಂದೇ ಎಲ್ಲರೂ ನಂಬಿದ್ದರು. ಅಲ್ಲಿ ಮುರಿದದ್ದು ಮೊದಲ ಸೂತ್ರ. 2024ರ ಅಕ್ಟೋಬರ್‌ನಲ್ಲಿ ಮುಂಬೈನ ಮನೆಯಲ್ಲಿ ನಟ ಗೋವಿಂದ ಅವರ ಕಾಲಿಗೆ ಅವರದೇ ಲೈಸೆನ್ಸ್ ರಿವಾಲ್ವರ್‌ನ ಗುಂಡು ಹೊಕ್ಕಿತು. 2025ರ ಫೆಬ್ರುವರಿಯಲ್ಲಿ ನಮ್ಮದೇ ನಾಗಮಂಗಲ ತಾಲ್ಲೂಕಿನ ಕೋಳಿ ಫಾರಂ ಒಂದರಲ್ಲಿ ಹದಿಹರೆಯದ ಹುಡುಗನ ಕೈಗೆ ಕೋವಿ ಸಿಕ್ಕಿತು. ಪುಟ್ಟ ಮಗುವೊಂದು ಪ್ರಾಣ ಬಿಟ್ಟಿತು. ಆ ಹುಡುಗನಿಗೆ ಬುದ್ಧಿ ಹೇಳುವುದಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ: ಕೋವಿ ಅವನ ಕೈಗೆ ಸಿಕ್ಕಿದ್ದಾದರೂ ಹೇಗೆ? ಕೋವಿಗೊಂದು ಬೀಗ, ತೋಟಾಕ್ಕೆ ಬೇರೆ ಕಡೆ ಬೇರೆ ಬೀಗ. ಮನೆಯಲ್ಲಿ ಮಕ್ಕಳಿದ್ದರೆ ಇದಕ್ಕೆ ಮಾಫಿ ಇಲ್ಲ.

‘ಸೇಫ್ಟಿ ಹಾಕಿದ್ದೇನೆ’ ಎಂಬ ಧೈರ್ಯವೂ ಪೂರ್ತಿ ನಂಬುವಂಥದ್ದಲ್ಲ. ಹಳೆಯ ಜೋಡಿ ನಳಿಗೆಯ ಎಷ್ಟೋ ಕೋವಿಗಳಲ್ಲಿ ಸೇಫ್ಟಿ ತಡೆಯುವುದು ಟ್ರಿಗರನ್ನು ಮಾತ್ರ. ಒಳಗಿನ ಕೊಂಡಿ ಸವೆದಿದ್ದರೆ, ಕೋವಿ ಕೆಳಗೆ ಬಿದ್ದ ಪೆಟ್ಟಿಗೇ ಗುಂಡು ಹಾರಬಹುದು. ಪಿಸ್ತೂಲಿನದ್ದು ಇನ್ನೊಂದು ಬಲೆ. ಮ್ಯಾಗಜಿನ್ ತೆಗೆದರೂ ಚೇಂಬರ್‌ನಲ್ಲಿ ಒಂದು ತೋಟಾ ಉಳಿದಿರಬಹುದು. ಮೊದಲು ಮ್ಯಾಗಜಿನ್ ತೆಗೆಯಬೇಕು, ಆಮೇಲೆ ಚೇಂಬರ್ ನೋಡಬೇಕು. ಕ್ರಮ ತಪ್ಪಿದರೆ ಹೊಸ ತೋಟಾ ತಾನೇ ಒಳಗೆ ಬಂದು ಕೂರುತ್ತದೆ.

ಕಾನೂನೂ ಬಿಗಿಯಾಗಿದೆ. ಮದುವೆ, ಮೆರವಣಿಗೆಯಲ್ಲಿ ಇತರರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ 2019ರ ತಿದ್ದುಪಡಿಯ ಪ್ರಕಾರ 2 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ. ನಿರ್ಲಕ್ಷ್ಯದಿಂದ ಸಾವಾದರೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್ ಅಡಿ 5 ವರ್ಷದವರೆಗೆ ಶಿಕ್ಷೆ. ಪೊಲೀಸ್, ಅಗ್ನಿವೀರ್, ಬ್ಯಾಂಕ್ ಗನ್‌ಮ್ಯಾನ್ ಕೆಲಸಕ್ಕೆ ಸಿದ್ಧರಾಗುತ್ತಿರುವ ಗೆಳೆಯರು ಯೋಚಿಸಲಿ: ಒಂದು ಕ್ರಿಮಿನಲ್ ಕೇಸು ವರ್ಷಗಟ್ಟಲೆ ಓದಿದ್ದನ್ನೆಲ್ಲ ನೀರಿನಲ್ಲಿ ಹೋಮ ಮಾಡಬಲ್ಲದು.

ಇಷ್ಟಾದರೂ ಅನಾಹುತ ನಡೆದೇ ಹೋದರೆ? ಮೊದಲು ಕೋವಿ ಮತ್ತೆ ಯಾರ ಕೈಗೂ ಹೋಗದಂತೆ ನೋಡಿ, 108ಕ್ಕೋ 112ಕ್ಕೋ ಕರೆ ಮಾಡಿ. ಶುದ್ಧ ಬಟ್ಟೆಯಿಂದ ಗಾಯವನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ರಕ್ತ ನಿಂತಿತೇ ಎಂದು ಮತ್ತೆ ಮತ್ತೆ ಎತ್ತಿ ನೋಡಬೇಡಿ. ಒಳಗಿರುವ ಗುಂಡನ್ನೋ ಚರೆಯನ್ನೋ ತೆಗೆಯಲು ಹೋಗಬೇಡಿ. ಕುಡಿಯಲು, ತಿನ್ನಲು ಏನೂ ಕೊಡಬೇಡಿ. ಪೊಲೀಸ್ ಕೇಸಾಗುತ್ತದೆಂದು ಹೆದರಿ ತಡ ಮಾಡಲೇಬೇಡಿ. ಇಂಥ ಗಾಯಾಳುಗಳಿಗೂ ತಕ್ಷಣ ಚಿಕಿತ್ಸೆ ಕೊಡುವುದು ವೈದ್ಯರ ಹೊಣೆ, ಕಾನೂನು ಪ್ರಕ್ರಿಯೆ ಆಮೇಲೆ ಎಂದು ಸುಪ್ರೀಂ ಕೋರ್ಟ್ 1989ರಲ್ಲೇ ಹೇಳಿದೆ.

ಹೆಲ್ಮೆಟ್ ಹಾಕಿಕೊಳ್ಳೋ ಎಂದು ಗೆಳೆಯನಿಗೆ ಹೇಳುವಾಗ ನಮಗೆ ಸಂಕೋಚವಿಲ್ಲ. ‘ನಳಿಗೆ ಆ ಕಡೆ ತಿರುಗಿಸೋ’ ಎನ್ನುವುದಕ್ಕೂ ಸಂಕೋಚ ಬೇಡ. ಅವನು ಹೆದರುಪುಕ್ಕಲ ಎಂದು ಗೇಲಿ ಮಾಡಿದರೆ ಮಾಡಿಕೊಳ್ಳಲಿ. ಗೇಲಿ ಮಾಡಲಾದರೂ ಅವನು ಇರಬೇಕಲ್ಲ!